ಏಳನೆಯ ಪ್ಲೇಟು

೨೦೦೪ರ ನವೆಂಬರ್ ೧೯, ಶುಕ್ರವಾರ. ಬಾಳೆಹೊನ್ನೂರಿನಿಂದ ಹೊರಟ ಜೀಪು ಕೊಪ್ಪವನ್ನು ತಲುಪುವಷ್ಟರಲ್ಲಿ ಅದರ ಸ್ಟೇರಿಂಗ್ ಮೂರು ಸಲ ನಡುಗಿತು. ಮೂರನೆಯ ಸಲ, ಇಳಿಜಾರಿನ ತಿರುವಿನಲ್ಲಿ ಎಡಗಡೆಯ ಚಕ್ರ ಗುಂಡಿಗೆ ಬಿದ್ದು ಎದ್ದಾಗ, ಮುಂದಿನ ಚಕ್ರಗಳೆರಡೂ ಹುಚ್ಚೆದ್ದಂತೆ ಒದ್ದಾಡಿದವು. ಜೀಪು ಮೋರಿಯ ಕಟ್ಟೆಗೆ ಗೇಣು ದೂರ ಉಳಿಸಿ ನಿಂತಿತು. ಕಲ್ಲೇಶಪ್ಪನು ಸ್ಟೇರಿಂಗಿನ ಹಿಡಿತವನ್ನು ಬಹಳ ಹೊತ್ತು ಸಡಿಲಿಸಲಿಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ಬಸವಮ್ಮ, ಬೆನ್ನುನೋವಿಗೆಂದು ಸೊಂಟಕ್ಕೆ ಕಟ್ಟಿದ ಬೆಲ್ಟನ್ನು ಎರಡು ಕೈಗಳಿಂದಲೂ ಒತ್ತಿ ಹಿಡಿದು, ತುಟಿ ಬಿಗಿದು ಸುಮ್ಮನಿದ್ದಳು.

ಬೆನ್ನುಮೂಳೆಯ ಚಿಕಿತ್ಸೆಗಾಗಿ ಅವಳು ಪ್ರತಿ ಶುಕ್ರವಾರವೂ ಕೊಪ್ಪದ ಆಸ್ಪತ್ರೆಗೆ ಬರಬೇಕಿತ್ತು. ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಜೀಪಿನಲ್ಲಿಯೂ ಮೊದಮೊದಲು ಗುಂಡಿ ಗುಂಡಿಗೂ ನರಳುತ್ತಿದ್ದಳು. ನಾಲ್ಕು ವಾರಗಳಿಂದ ಆ ನರಳಾಟ ನಿಂತಿತ್ತು. ಸ್ಟೇರಿಂಗ್ ನಡುಗತೊಡಗಿದ್ದೂ ಅದೇ ನಾಲ್ಕು ವಾರಗಳಿಂದ.

ಆಸ್ಪತ್ರೆಯ ಕೆಲಸ ಮುಗಿಸಿ ಗ್ಯಾರೇಜಿಗೆ ಬಂದಾಗ ಮೆಕ್ಯಾನಿಕ್ ರಘುಪತಿ, ಬಸವಮ್ಮನಿಗೆಂದು ಬೆಂಚಿನ ಮೇಲೆ ಗೋಣಿಯನ್ನು ಮಡಿಸಿ ಹಾಸಿದನು.

"ಹೋದ ವಾರ ಸ್ಟೇರಿಂಗಿನ ಟೈ ರಾಡ್ ಹೊಸದು ಹಾಕಿದೆ. ಚಕ್ರ ಬ್ಯಾಲೆನ್ಸ್ ಮಾಡಿಸಿದೆ. ಇನ್ನೂ ನಡುಗ್ತದೆ ಅಂದ್ರೆ ನಾನು ಎಂತ ಮಾಡ್ಲಿ ಮಾರಾಯ್ರೆ?"

"ಕಿಂಗ್ ಪಿನ್ ನೋಡು," ಎಂದನು ಕಲ್ಲೇಶಪ್ಪ.

ರಘುಪತಿ ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ಎತ್ತಿದನು. ಒಂದೊಂದನ್ನೂ ಮೇಲೆ ಕೆಳಗೆ ಹಿಡಿದು ಅಲುಗಿಸಿದನು. ಚಕ್ರ ತಿರುಗುವ ಆ ಪಿನ್ನು ಯಾವ ಕಡೆಯೂ ಸಡಿಲವಿರಲಿಲ್ಲ. ಜಾಕ್ ಇಳಿಸಿ, ಕೈ ಒರೆಸಿಕೊಳ್ಳುತ್ತ ರಸ್ತೆಯವರೆಗೆ ಹಿಂದೆ ಸರಿದು, ಜೀಪನ್ನು ಎದುರಿನಿಂದ ನೋಡಿದನು.

"ಎಡಗಡೆ ಸ್ವಲ್ಪ ಕೂತ ಹಾಗೆ ಕಾಣ್ತದಲ್ಲ?"

"ನೆಲ ವಾರೆ ಉಂಟು. ಬಾ, ಚಾ ಕುಡಿಯೋಣ."

"ಈಗಷ್ಟೇ ಕುಡಿದ್ವಲ್ಲ!"

"ಇನ್ನೊಂದು ಕುಡಿದ್ರೆ ಎಂತ ಸಾಯ್ತೀಯಾ?"

ಬೆಂಚಿನ ಮೇಲಿಂದ ಬಸವಮ್ಮ ಹೇಳಿದಳು: "ಇವರು ಎರಡನೇ ಚಾ ಕೊಡಿಸ್ತಾರೆ ಅಂದ್ರೆ ಎಂತದೋ ಉಂಟು ರಘುಪತಿ. ನೀನು ಜೀಪಿನ ಅಡಿಗೆ ನುಗ್ಗಿ ನೋಡು."

ರಘುಪತಿ ನುಗ್ಗಿದನು. ಚಕ್ರದ ಒಳಬದಿಯಲ್ಲಿ, ಒಂದರ ಮೇಲೊಂದು ಜೋಡಿಸಿ ಬಿಗಿದ ಕಬ್ಬಿಣದ ಪ್ಲೇಟುಗಳೇ ಜೀಪಿನ ಸ್ಪ್ರಿಂಗು. ಅಡಿಯಿಂದ ಅವನ ದನಿ ಬಂತು: "ಬಲಗಡೆ ಏಳು ಪ್ಲೇಟು, ಎಡಗಡೆ ಆರು! ಇದನ್ನ ಯಾರು ಬಿಚ್ಚಿದ್ದು?" ಹೊರಗೆ ತೆವಳಿ ಬಂದವನ ಮುಖ ಗಂಭೀರವಾಗಿತ್ತು. "ಒಂದೇ ಕಡೆ ಮೆತ್ತಗಾದ್ರೆ ಆಕ್ಸಲ್ ವಾರೆ ಆಗ್ತದೆ. ಗುಂಡಿಗೆ ಬಿದ್ದ ಚಕ್ರ ಮತ್ತೆ ನೇರ ನಿಲ್ಲೋದಿಲ್ಲ. ಇವತ್ತು ಮೋರಿ ಹತ್ರ ಉಳ್ಕೊಂಡಿದ್ದೇ ದೊಡ್ಡದು."

ಕಲ್ಲೇಶಪ್ಪನು ರಸ್ತೆಯ ಕಡೆಗೆ ನೋಡುತ್ತಿದ್ದನು.

"ನೀವಾ?" ಎಂದಳು ಬಸವಮ್ಮ.

"ಹೂಂ. ಪ್ಲೇಟು ಕಡಿಮೆ ಆದ್ರೆ ಕುಲುಕೋದೂ ಕಡಿಮೆ ಆಗ್ತದೆ ಅಂತ. ನೀನು ಆ ಕಡೆ ತಾನೆ ಕೂರೋದು?"

"ತೆಗೆಯೋದಾದ್ರೂ ಎರಡೂ ಕಡೆ ತೆಗೀಬಾರದಿತ್ತಾ ಮಾರಾಯ್ರೆ?" ರಘುಪತಿ ತಲೆ ಚಚ್ಚಿಕೊಂಡನು.

"ಬಲಗಡೆ ಕೂರೋದು ನಾನು. ನನ್ನ ಸೊಂಟಕ್ಕೆ ಎಂತ ಆಗಿದೆ?"

ರಘುಪತಿಗೆ ನಗು ಬಂತು. ಬಸವಮ್ಮನ ಮುಖ ಕಂಡು ನುಂಗಿಕೊಂಡನು. "ನನ್ನ ಹತ್ರ ಮೊದಲೇ ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ ಇವಳ ಕಿವಿಗೆ ಬೀಳ್ತಿತ್ತು. ತನ್ನಿಂದಾಗಿ ಜೀಪು ಹೀಗಾಯ್ತು ಅಂತ ಗೊತ್ತಾದ್ರೆ ಇವಳು ಮತ್ತೆ ಹತ್ತುತ್ತಿದ್ಲಾ? ಇನ್ನೂ ಆರು ವಾರ ಬರ್ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ." ಕಲ್ಲೇಶಪ್ಪನ ದನಿ ಗಡುಸಾಯಿತು. "ಆ ಪ್ಲೇಟು ವಾಪಸ್ ಹಾಕೋದು ಬೇಡ. ಬೇರೆ ಎಂತಾದ್ರೂ ಮಾಡು. ಅದನ್ನ ತೆಗೆದ ಮೇಲೆ ಇವಳು ಒಂದು ಸಲವೂ ನರಳಿಲ್ಲ."

ಬಸವಮ್ಮ ಬೆಂಚಿನ ಮೇಲೆಯೇ ಅವನ ಕಡೆಗೆ ತಿರುಗಿದಳು.

"ನೋವು ಕಡಿಮೆ ಆಗಿದೆ ಅಂತ ನಾನು ಹೇಳಿದ್ನಾ?"

"ನರಳಲೇ ಇಲ್ಲವಲ್ಲ ನೀನು!"

"ಸ್ಟೇರಿಂಗ್ ಹಾಗೆ ಒದ್ದಾಡ್ತಿತ್ತು. ನಿಮ್ಮ ಮುಖ ನೋಡಿದ್ರೆ ರಕ್ತವೇ ಇರ್ತಿರಲಿಲ್ಲ. ಅದರ ಮೇಲೆ ನಾನೂ ನರಳಿದ್ರೆ ನೀವು ರಸ್ತೆ ನೋಡ್ತಿದ್ರಾ, ನನ್ನನ್ನ ನೋಡ್ತಿದ್ರಾ?"

ಕಲ್ಲೇಶಪ್ಪನು ಜೀಪಿನ ಬಳಿಗೆ ಹೋಗಿ, ಸೀಟಿನ ಹಿಂದಿನಿಂದ ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಪ್ಲೇಟನ್ನು ತೆಗೆದು, ರಘುಪತಿಯ ಮುಂದೆ ನೆಲದ ಮೇಲಿಟ್ಟನು.

ಪ್ಲೇಟನ್ನು ಕೂರಿಸಿ ಬೋಲ್ಟುಗಳನ್ನು ಬಿಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ರಘುಪತಿ ಶೃಂಗೇರಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದನು. ಬೇಕೆಂದೇ ಗುಂಡಿಗೆ ಇಳಿಸಿದರೂ ಸ್ಟೇರಿಂಗ್ ಕದಲಲಿಲ್ಲ. ಕಲ್ಲೇಶಪ್ಪನು ಹೆಂಡತಿಯನ್ನು ಹತ್ತಿಸಿ, ಗೋಣಿಯನ್ನೂ ಕೇಳಿ ಪಡೆದು ಅವಳ ಬೆನ್ನಿಗೆ ಒತ್ತಿಟ್ಟು, ಊರಿನ ಕಡೆಗೆ ಹೊರಟನು.

ಪೇಟೆ ದಾಟಿದ ಮೇಲಿನ ಮೊದಲ ಗುಂಡಿ. ಜೀಪು ಗಡುಸಾಗಿ ಬಿದ್ದಿತು, ನೇರವಾಗಿ ಎದ್ದಿತು. ಸ್ಟೇರಿಂಗ್ ಅವನ ಕೈಯಲ್ಲಿ ಕಲ್ಲಿನಂತೆ ನಿಂತಿತ್ತು.

"ಅಯ್ಯೋ ಅಮ್ಮಾ!" ಎಂದು ಬಸವಮ್ಮ, ರಸ್ತೆಬದಿಯಲ್ಲಿ ಹುಲ್ಲು ಹೊತ್ತು ಹೋಗುತ್ತಿದ್ದವಳು ತಿರುಗಿ ನೋಡುವಷ್ಟು ಗಟ್ಟಿಯಾಗಿ ನರಳಿದಳು.

ಕಲ್ಲೇಶಪ್ಪನು ಬ್ರೇಕ್ ಒತ್ತಿದನು. "ಎಂತ ಆಯ್ತು? ವಾಪಸ್ ಆಸ್ಪತ್ರೆಗೆ ತಿರುಗಿಸ್ಲಾ?"

"ಬೇಡ, ನಿಧಾನ ಹೋಗಿ," ಎಂದಳು ಬಸವಮ್ಮ, ಬೆಲ್ಟಿನ ಮೇಲಿನಿಂದ ಕೈ ತೆಗೆಯುತ್ತ. "ನಾಲ್ಕು ವಾರದ್ದು ಬಾಕಿ ಉಂಟು."