ಮಾಚಯ್ಯನ ಅಂಗೈ

ಮೊಮ್ಮಗ ಹುಟ್ಟಿದಾಗ ಅಂಗಳದಲ್ಲಿ ಒಂದು ಗುಂಡು ಹಾರಿಸದಿದ್ದರೆ ಕೊಡಗಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಆದರೆ ಬಿದ್ದಪ್ಪನ ಕೋವಿಗೆ ಒಂಬತ್ತು ವರ್ಷದಿಂದ ಬೀಗ. ಬೇಲಿಯ ಜಗಳದಲ್ಲಿ ನೆರೆಯ ಮಾಚಯ್ಯನ ಕಾಲಿಗೆ ಗುಂಡು ಹೊಡೆದು ಜೈಲಿಗೆ ಹೋಗಿಬಂದವನು ಅವನು. ಶಿಕ್ಷೆಯಾದವರ ಕೋವಿ ಈಗೆಲ್ಲ ಪ್ರತಿ ಸಲವೂ ಅವರಿಂದ ಗಾಯಗೊಂಡವರ ಅಂಗೈ ತಾಗಿದರೆ ಮಾತ್ರ ತೆರೆದುಕೊಳ್ಳುತ್ತದೆ.

ಯಾವ ಮುಖ ಹೊತ್ತು ಕೇಳುವುದೆಂದು ಬಿದ್ದಪ್ಪ ಜಗಲಿಯಲ್ಲೇ ಒದ್ದಾಡುತ್ತಿದ್ದಾಗ, ಮಾಚಯ್ಯ ತಾನೇ ಕುಂಟುತ್ತ ಏರು ಹತ್ತಿ ಬಂದ.

"ಮಗು ಅಳೋದು ನಮ್ಮನೆವರೆಗೂ ಕೇಳಿಸ್ತು, ಗುಂಡು ಮಾತ್ರ ಕೇಳಿಸ್ಲಿಲ್ಲ. ತಾ ಇಲ್ಲಿ," ಎಂದು ಕೋವಿಯ ಹಿಡಿಯ ಮೇಲೆ ಅಂಗೈ ಊರಿದ. ಹಸಿರು ದೀಪ ಹೊತ್ತಿತು.

ಕೈಯಲ್ಲಿ ತೆರೆದ ಕೋವಿ, ಎದುರಿಗೆ ಅದೇ ಕಾಲು. ಬಿದ್ದಪ್ಪ ಒಂದು ಹೆಜ್ಜೆ ಹಿಂದೆ ಸರಿದ. ನಳಿಗೆಯನ್ನು ಆಕಾಶಕ್ಕೆತ್ತಿ ಹಾರಿಸಿದ. ಒಳಗೆ ಮಗು ಕಿರುಚಿತು, ಹೆಂಗಸರು ನಕ್ಕರು.

"ನಾನು ಕಚೇರಿಗೆ ಹೋಗಿ ಒಂದ್ಸಲ ಅಂಗೈ ಒತ್ತಿದ್ರೆ ನಿನ್ನ ಕೋವಿ ಹಕ್ಕು ಪೂರ್ತಿ ವಾಪಸ್ ಬರುತ್ತಂತೆ. ಒತ್ತಿಬಿಡ್ಲಾ?" ಎಂದ ಮಾಚಯ್ಯ.

ಒಂಬತ್ತು ವರ್ಷ ಕಾದಿದ್ದ ಮಾತು. ಆದರೂ ಬಿದ್ದಪ್ಪ ಅಡ್ಡಡ್ಡ ತಲೆಯಾಡಿಸಿದ. ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಬಂತು.

"ಬೇಡ ಮಾರಾಯ, ಬೀಗ ನಿನ್ನ ಕೈಯಲ್ಲೇ ಇರ್ಲಿ. ಇಲ್ದಿದ್ರೆ ನೀನು ಮತ್ತೆ ಈ ಏರು ಹತ್ತೋದು ಯಾವಾಗ?"