ಡಾಕ್ಟರಿಗೆ ಕೊಟ್ಟ ಉತ್ತರ

ಲವಂಗದೆಣ್ಣೆಯ ಸೀಸೆ ತೆರೆದಾಗ ಇಂದಿಗೂ ನನಗೆ ಜಾವಗಲ್ಲಿನ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅಲ್ಲಿ ಮೇಷ್ಟ್ರಾಗಿದ್ದರು. ದಿನಾ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡುತ್ತಿದ್ದರು. ಉಜ್ಜದೆ ಬಂದವರ ಅಂಗೈಗೆ ಇದ್ದಿಲ ಪುಡಿ, ಉಪ್ಪು ಹಾಕಿ ಬಾವಿಯ ಬಳಿಗೆ ಕಳಿಸುತ್ತಿದ್ದರು. ಮನೆಯಲ್ಲೇ ಉಜ್ಜಿರುತ್ತಾಳೆಂದು ನಂಬಿ ನನ್ನ ಬಾಯಿಯನ್ನು ಮಾತ್ರ ನೋಡುತ್ತಿರಲಿಲ್ಲ. ನಾನು ಬಚ್ಚಲಲ್ಲಿ ಬರೀ ನೀರು ಮುಕ್ಕಳಿಸಿ ಓಡಿಬರುತ್ತಿದ್ದೆ.

ಆ ದಿನ ಅರಸೀಕೆರೆಯಿಂದ ಡಾಕ್ಟರು ಬಂದಿದ್ದರು. ಹುಳುಕು ಹಿಡಿದ ನನ್ನ ದವಡೆಹಲ್ಲಿಗೆ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒತ್ತಿ, "ಹಲ್ಲುಜ್ಜೋದು ಮನೇಲಿ ಯಾರೂ ಹೇಳ್ಕೊಟ್ಟಿಲ್ವೇನಮ್ಮ?" ಎಂದು ಕೇಳಿದರು.

"ಇಲ್ಲ," ಎಂದೆ.

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. "ಅವ್ಳು ಮೇಷ್ಟ್ರ ಮಗ್ಳೇ ಕಣ್ ಸಾ! ನಮ್ಗೆಲ್ಲ ದಿನಾ ಇದ್ದಿಲು ತಿನ್ನುಸ್ತಾರೆ!"

ಇಡೀ ತರಗತಿ ನಕ್ಕಿತು. ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಅಪ್ಪನ ಕಡೆಗೆ ಡಾಕ್ಟರು ತಿರುಗಿದರು.

"ತಪ್ಪು ನನ್ನದೇ, ಸಾರ್. ಹೇಳಿಕೊಡಬೇಕಾಗಿತ್ತು," ಎಂದರು ಅಪ್ಪ.

ಮನೆಗೆ ಹೋಗುವ ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: "ನೋವು ಕಮ್ಮಿ ಆಯ್ತೇನೇ?"

ನಾನು ಅವರ ಮುಖ ನೋಡಲಿಲ್ಲ. ಬಾಯಲ್ಲಿ ಹತ್ತಿಯಿದೆ, ಮಾತಾಡಲು ಆಗುವುದಿಲ್ಲ ಎಂದು ಕೈಯಲ್ಲೇ ತೋರಿಸಿದೆ.