ತಟ್ಟೆಯಲ್ಲಿ ಉಳಿದ ಸ್ಕ್ರೂ

ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿದಿತ್ತು.

ಮೇಸ್ತ್ರಿ ಕಣ್ಣುಜ್ಜಿಕೊಂಡು ನೋಡಿದ. ಇತ್ತು. ತಟ್ಟೆ ಅಲ್ಲಾಡಿಸಿದ. ಕಿಣಿಕಿಣಿ ಎಂದು ನಕ್ಕಿತು.

ಬೆಳಿಗ್ಗೆ ಆರಕ್ಕೇ ದೇವರ ಹೆಸರು ಹೇಳಿ ಹಿಡಿದ ಕೆಲಸ. ನರ್ಸಮ್ಮನ ಹಳೆ ವ್ಯಾನು. ಹೀಟರ್ ಕೋರ್ ಸೋರಿ ಒಳಗೆಲ್ಲ ಸಿಹಿ ಸಿಹಿ ವಾಸನೆ, ಕಾಲಡಿಯ ಮ್ಯಾಟು ಒದ್ದೆ, ಮುಂದಿನ ಗಾಜು ಮಬ್ಬು. ಎಂಜಿನ್ನಿನ ಬಿಸಿನೀರು ಹರಿದು ಗಾಳಿ ಬೆಚ್ಚಗಾಗುವುದು ಅಂಗೈಯಗಲದ ಆ ಡಬ್ಬಿಯಲ್ಲಿ. ಗಾಡಿ ಮಾಡಿದ ಪುಣ್ಯಾತ್ಮರು ಅದನ್ನು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಬಚ್ಚಿಟ್ಟಿರುತ್ತಾರೆ. ಸ್ಟೇರಿಂಗಿನಿಂದ ಹಿಡಿದು ಎಲ್ಲವನ್ನೂ ಬಿಚ್ಚಿದರೇ ಅದರ ದರ್ಶನ. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ.

ಆದರೆ ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ದೊಡ್ಡ ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲಿ ಚುಚ್ಚಿಡುತ್ತಿದ್ದ. ಮೂವತ್ತು ವರ್ಷ, ಒಂದೂ ಉಳಿದಿದ್ದಿಲ್ಲ. ಈಗಲೂ ರಟ್ಟು ಖಾಲಿ, ಡ್ಯಾಶ್‌ಬೋರ್ಡು ಭದ್ರ. ಹಾಗಾದರೆ ಇದು ಎಲ್ಲಿಂದ ಬಂತು?

ಮೂಲೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದ ಹೆಂಡತಿಯ ಯಂತ್ರ ಗಡಗಡ ಎಂದಿತು.

"ನಿಲ್ಸೇ ಅದನ್ನ! ಎಣಿಸ್ತಾ ಇದೀನಿ."

"ಇರೋದು ಒಂದೇ ಸ್ಕ್ರೂ ಅಲ್ವೇನ್ರೀ, ಎಷ್ಟು ಸಲ ಎಣಿಸ್ತೀರಾ?"

ಬಾಗಿಲಲ್ಲಿ ನಿಂತಿದ್ದ ಭಾವಮೈದುನ ಕಿಸಕ್ಕನೆ ನಕ್ಕ. ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇವನೇ! ಹೋದ ತಿಂಗಳು ಊಟಕ್ಕೆ ಕೂತಾಗ, "ಭಾವ, ವಯಸ್ಸಾಯ್ತು, ಶೆಡ್ಡು ನಂಗೆ ಬಿಡಿ" ಎಂದವನು ಇವನೇ. ಮೇಸ್ತ್ರಿಗೆ ಎಲ್ಲಿತ್ತೋ ರೋಷ, ದೇವರ ಮೇಲೆ ಆಣೆ ಇಟ್ಟುಬಿಟ್ಟಿದ್ದ. "ನಾನು ರಿಪೇರಿ ಮಾಡಿ ಕಳಿಸಿದ ಗಾಡಿ ಅದೇ ರೋಗಕ್ಕೆ ವಾಪಸ್ಸು ಬಂದ ದಿನ ಬೀಗದಕೈ ನಿನ್ನದು. ನಾನು ಮನೇಲಿ ಕೂರ್ತೀನಿ."

"ದಿನವಿಡೀ ಮನೇಲಾ?" ಹೆಂಡತಿ ಸೌಟು ಕೆಳಗಿಟ್ಟಿದ್ದಳು. "ದೇವ್ರೇ, ನನ್ನ ಗತಿ ಏನು!"

ಭಾವಮೈದುನನ ಜೇಬಿನಲ್ಲಿ ಸದಾ ಸ್ಕ್ರೂಗಳ ಸದ್ದು.

"ಇದು ನಿಂದೇನಪ್ಪಾ?"

ಅವನು ತಟ್ಟನೆ ಜೇಬು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

"ನಂದ್ಯಾಕೆ ಭಾವ? ಬಿಸಾಕಿ ಅತ್ಲಾಗೆ. ಹಳೆ ಗಾಡಿ, ಒಂದು ಸ್ಕ್ರೂ ಇಲ್ದಿದ್ರೆ ಸತ್ತೋಗುತ್ತಾ?"

ಬಿಸಾಕುವುದೇ! ನಾಳೆ ಬೆಳಿಗ್ಗೆ ನರ್ಸಮ್ಮ ಬೆಟ್ಟದ ಮೇಲಿನಿಂದ ಮೂರು ದಿನದ ಕೂಸನ್ನು ಕೊರೆಯುವ ಚಳಿಯಲ್ಲಿ ದೊಡ್ಡಾಸ್ಪತ್ರೆಗೆ ಇಳಿಸಬೇಕು. ಇವತ್ತು ಸಂಜೆ ಐದಕ್ಕೇ ಗಾಡಿ ಬೇಕು ಎಂದಿದ್ದಾಳೆ. ಈಗಲೇ ಮಧ್ಯಾಹ್ನ ಹನ್ನೆರಡು. ಮೇಸ್ತ್ರಿ ಸ್ಕ್ರೂವನ್ನು ಬೆಳಕಿಗೆ ಹಿಡಿದ. ಉಳಿದವಕ್ಕೆಲ್ಲ ತಲೆಯಲ್ಲಿ ಎರಡು ಗೀರು, ಇದಕ್ಕೆ ಒಂದೇ. ಹಿಂದೆ ಯಾವನೋ ಕೈಗೆ ಸಿಕ್ಕಿದ್ದನ್ನು ಬಡಿದಿರಬೇಕು, ತಾನು ರಟ್ಟಿಗೆ ಚುಚ್ಚಲು ಮರೆತಿರಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ, ಸ್ಕ್ರೂಗೆ ಹೋದರೆ?

"ಬಿಚ್ತೀನಿ," ಎಂದ. "ಪೂರ್ತಿ."

"ಅಯ್ಯೋ ಭಾವ!"

"ಟಾರ್ಚು ತಾರೇ!"

ಹೆಂಡತಿ ತಂದಳು. ಬೆಳಿಗ್ಗೆ ಹೊಸ ಕೋರ್ ಕೂರಿಸುವಾಗಲೂ ಅವಳೇ ಹಿಡಿದಿದ್ದಳು. ಆಗ ನಡುವೆ, "ರೀ, ಆ ಕೆಳಗಡೆದು..." ಎಂದು ಬಾಯಿ ತೆರೆದವಳಿಗೆ ಮೇಸ್ತ್ರಿ, "ಟಾರ್ಚು ಮಾತಾಡಬಾರದು!" ಎಂದು ಗದರಿದ್ದ. ಈಗ ಡ್ಯಾಶ್‌ಬೋರ್ಡು ಮತ್ತೆ ಬಿಚ್ಚಿ ಕೋರ್ ಕಂಡಾಗ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಬೆಳಕು ಮಾತ್ರ ಗೂಟ ಹೊಡೆದ ಹಾಗೆ ಕೋರಿನ ಕೆಳಗಿನ ಪೈಪಿನ ಮೇಲೇ ನಿಂತಿತ್ತು.

"ಮೇಲೆ ಹಿಡಿಯೇ, ನಾನು ಹುಡುಕ್ತಿರೋದು ಸ್ಕ್ರೂ ತೂತು."

ಬೆಳಕು ಅಲುಗಲಿಲ್ಲ. ಮೇಸ್ತ್ರಿ ಗೊಣಗುತ್ತ ಆ ಪೈಪಿಗೇ ಕೈ ಹಾಕಿದ.

ಪೈಪು ಕೈಗೇ ಬಂತು.

ಅದನ್ನು ಹಿಡಿದಿಡುವ ಕ್ಲಿಪ್ಪು ಸುಮ್ಮನೆ ಒಡ್ಯಾಣದಂತೆ ಜೋತುಬಿದ್ದಿತ್ತು. ಸುತ್ತಿದ್ದ, ಬಿಗಿ ಮಾಡಿರಲಿಲ್ಲ. ಶೆಡ್ಡಿನಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬೆಟ್ಟ ಹತ್ತುವಾಗ, ಎಂಜಿನ್ ಕಾದಾಗ, ಕುದಿನೀರು ನರ್ಸಮ್ಮನ ಕಾಲ ಮೇಲೆ!

ಮೇಸ್ತ್ರಿ ಕಣ್ಣು ಮುಚ್ಚಿ ದೇವರನ್ನು ನೆನೆದ. ಆಮೇಲೆ ಯಾರಿಗೂ ಕಾಣುತ್ತಿಲ್ಲ ಎಂದುಕೊಂಡು, ಕ್ಲಿಪ್ಪು ಬಿಗಿದ.

ಒಂಟಿ ಗೀರಿನ ಸ್ಕ್ರೂಗೆ ವ್ಯಾನಿನಲ್ಲೆಲ್ಲೂ ತೂತು ಸಿಗಲಿಲ್ಲ. ಕಳ್ಳತನ ಮಾಡಿದ ಕೈಗಳಿಗೂ ಇಲ್ಲದ ಅವಸರದಲ್ಲಿ ಎಲ್ಲ ಜೋಡಿಸಿದ. ಐದಕ್ಕೆ ಐದು ನಿಮಿಷವಿರುವಾಗ ಎಂಜಿನ್ ಕಾದು, ಬೆಚ್ಚನೆ ಗಾಳಿ ಭರ್ರನೆ ಬಂತು. ನರ್ಸಮ್ಮ ಎರಡೂ ಕೈ ಗಾಳಿಗೊಡ್ಡಿ ಚಿಕ್ಕ ಹುಡುಗಿಯಂತೆ ಕೇಕೆ ಹಾಕಿದಳು. "ಮೇಸ್ತ್ರಿಗಳೇ, ಕೂಸು ಬೆವರುತ್ತೆ!"

ವ್ಯಾನು ತಿರುವು ದಾಟಿದ್ದೇ ತಡ, ಮೇಸ್ತ್ರಿಗೆ ಎಲ್ಲ ಹೊಳೆಯಿತು. ಕ್ಲಿಪ್ಪು ಸಡಿಲವಿದ್ದದ್ದು ಯಾರಿಗೋ ಕಂಡಿತ್ತು. ಬಾಯಲ್ಲಿ ಹೇಳಿದರೆ ಈ ಮುದುಕ ಕೇಳುವವನಲ್ಲ. ಸ್ಕ್ರೂ ಉಳಿದರೆ ಮಾತ್ರ ಬಿಚ್ಚುತ್ತಾನೆ. ಸುಮ್ಮನಿದ್ದಿದ್ದರೆ ಬೀಗದಕೈ ತಾನಾಗಿ ಮಡಿಲಿಗೆ ಬೀಳುತ್ತಿದ್ದರೂ... ಎಂಥ ಬಂಗಾರದಂಥ ಹುಡುಗ! ಮೇಸ್ತ್ರಿ ಓಡಿಹೋಗಿ ಭಾವಮೈದುನನನ್ನು ಗ್ರೀಸು ಕೈಯಲ್ಲೇ ತಬ್ಬಿಕೊಂಡ.

"ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ ಕಣೋ!"

"ಯಾವ ಉಪಕಾರ? ಭಾವ, ಬಿಡಿ, ಹೊಸ ಅಂಗಿ! ಅಕ್ಕಾ, ಭಾವಂಗೆ ಏನೋ ಆಗಿದೆ!"

ಅಕ್ಕ ಸೂಜಿಯ ಕೆಳಗೆ ಬಟ್ಟೆ ಸರಿಸಿದಳು. ಅವಳ ಯಂತ್ರ ಮತ್ತೆ ಗಡಗಡ ಎನ್ನತೊಡಗಿತ್ತು.

ಮೇಸ್ತ್ರಿಯ ತೋಳು ಸಡಿಲವಾಯಿತು. ನಿನ್ನೆಯವರೆಗೂ ಈ ಯಂತ್ರ ಹೀಗೆ ಸದ್ದು ಮಾಡಿದ್ದಿಲ್ಲ. ಮೆಲ್ಲಗೆ ಹೋಗಿ ಬಗ್ಗಿದ. ಪಕ್ಕದ ತಗಡಿನ ಮೂಲೆಯಲ್ಲೊಂದು ಖಾಲಿ ತೂತು. ಜೇಬಿನಿಂದ ಒಂಟಿ ಗೀರಿನ ಸ್ಕ್ರೂ ತೆಗೆದು ಇಟ್ಟ. ಎರಡೇ ಸುತ್ತು, ತವರಿಗೆ ಬಂದಂತೆ ಹೋಗಿ ಕೂತಿತು.

ಹೆಂಡತಿ ದಾರ ಕಚ್ಚಿ ತುಂಡರಿಸಿ, ತಲೆ ಎತ್ತದೆಯೇ ಹೇಳಿದಳು: "ಟಾರ್ಚು ಮಾತಾಡಬಾರದು ಅಂದಿದ್ರಲ್ಲಾ, ರೀ."